ಚೂರುಗಳಿಂದ ಎದ್ದ ಸೃಷ್ಟಿ

ಜಾರ್ಜ್ ಸ್ಮಿತ್ ಕಲಿತ ಕಸುಬು ನೋಟಿನ ಅಚ್ಚು ಕೆತ್ತುವುದು. 1840ರಲ್ಲಿ ಲಂಡನ್ನಿನ ಬಡವರ ಮನೆಯಲ್ಲಿ ಹುಟ್ಟಿ, ಹದಿನಾಲ್ಕಕ್ಕೇ ಮುದ್ರಣಾಲಯ ಸೇರಿದ ಹುಡುಗ. ಗೆರೆಯೊಂದು ಕೂದಲೆಳೆಯಷ್ಟು ಸರಿದರೂ ಹಿಡಿಯುವ ಕಣ್ಣು ಅಲ್ಲಿ ಪಳಗಿತು. ಊಟದ ಬಿಡುವಿನಲ್ಲಿ ಆತ ಬ್ರಿಟಿಷ್ ಮ್ಯೂಸಿಯಮ್ಮಿಗೆ ಓಡುತ್ತಿದ್ದ, ನಿನೆವೆಯಿಂದ ಬಂದ ಮಣ್ಣಿನ ಫಲಕಗಳನ್ನು ನೋಡಲು. ಅವುಗಳ ಮೇಲಿನ ಬೆಣೆಯಾಕಾರದ ಲಿಪಿಯನ್ನು ತಾನಾಗಿಯೇ ಕಲಿತ. ಕೊನೆಗೆ ಮ್ಯೂಸಿಯಮ್ಮಿನವರೇ ಕರೆದು ಕೆಲಸ ಕೊಟ್ಟರು.

ಇರಾಕಿನ ಮೋಸುಲ್ ಊರಿನೆದುರು, ಟೈಗ್ರಿಸ್ ನದಿಯ ಆಚೆ ದಡದಲ್ಲಿ, ಹಳೆಯ ನಿನೆವೆ ಇದ್ದ ಜಾಗದಲ್ಲಿ, ಕುಯುಂಜಿಕ್ ಎಂಬ ದಿಬ್ಬವಿದೆ. ಅಸ್ಸೀರಿಯದ ದೊರೆ ಅಶುರ್‌ಬನಿಪಾಲನ ಗ್ರಂಥಭಂಡಾರವನ್ನು ಅಲ್ಲಿ ಮೊದಲು ಆಸ್ಟೆನ್ ಹೆನ್ರಿ ಲೇಯಾರ್ಡ್, ಆಮೇಲೆ ಮೋಸುಲ್ಲಿನವರೇ ಆದ ಹೊರ್ಮುಜ್ದ್ ರಸ್ಸಾಮ್ ಅಗೆದು ತೆಗೆದಿದ್ದರು. ಚೂರುಗಳೂ ಸೇರಿ ಸುಮಾರು 30,000. ಕ್ರಿ.ಪೂ. 612ರಲ್ಲಿ ನಿನೆವೆಗೆ ಬಿದ್ದ ಬೆಂಕಿ ಈ ಮಣ್ಣಿನ ಪುಸ್ತಕಗಳಲ್ಲಿ ಎಷ್ಟನ್ನೋ ಸುಟ್ಟು ಗಟ್ಟಿಮಾಡಿತು. ಓಲೆಗರಿಯಾಗಿದ್ದರೆ ನಮಗೆ ಉಳಿಯುತ್ತಿದ್ದದ್ದು ಬೂದಿ.

1872ರಲ್ಲಿ ಸ್ಮಿತ್ ಒಂದು ಚೂರಿನಲ್ಲಿ ಮಹಾಪ್ರಳಯದ ಕತೆ ಓದಿದ. ಬೆಟ್ಟದ ಮೇಲೆ ನಿಂತ ಹಡಗು, ಹಾರಿಬಿಟ್ಟ ಪಾರಿವಾಳ, ಎಲ್ಲ ಬೈಬಲಿನ ನೋಹನ ಕತೆಯಂತೆಯೇ. ಆ ಡಿಸೆಂಬರ್ 3ರಂದು ಆತ ಅದನ್ನು ಸಭೆಯ ಮುಂದೆ ಓದಿದಾಗ ಪ್ರಧಾನಿ ಗ್ಲ್ಯಾಡ್‌ಸ್ಟನ್ನರೂ ಕೂತು ಕೇಳಿದರು. ಉಳಿದ ಭಾಗ ಹುಡುಕಲು ಡೈಲಿ ಟೆಲಿಗ್ರಾಫ್ ಪತ್ರಿಕೆ ಸಾವಿರ ಗಿನಿ ಕೊಟ್ಟಿತು. ಇದರ ಹಿಂದಿದ್ದವರು ಎಡ್ವಿನ್ ಅರ್ನಾಲ್ಡ್. ಹಿಂದೆ ಪುಣೆಯ ಸರ್ಕಾರಿ ಕಾಲೇಜಿನ ಪ್ರಾಂಶುಪಾಲರಾಗಿದ್ದವರು, ಮುಂದೆ ಬುದ್ಧನನ್ನು ಕುರಿತು ‘ದಿ ಲೈಟ್ ಆಫ್ ಏಷ್ಯಾ’ ಬರೆದವರು. 1873ರ ಮೇ ತಿಂಗಳಲ್ಲಿ, ಅಗೆತ ಶುರುವಾಗಿ ಹೆಚ್ಚು ದಿನವಾಗುವ ಮೊದಲೇ, ಪ್ರಳಯದ ಕತೆಯ ಇನ್ನೊಂದು ತುಂಡು ಸ್ಮಿತ್‌ಗೆ ಸಿಕ್ಕೇಬಿಟ್ಟಿತು. ಪತ್ರಿಕೆಗೆ ಅಷ್ಟೇ ಸಾಕಾಗಿತ್ತು. ಆತನಿಗೆ ಸಾಲಲಿಲ್ಲ.

ಪ್ರಳಯ ಇದ್ದಮೇಲೆ ಸೃಷ್ಟಿಯೂ ಇರಲೇಬೇಕು ಎಂದು ಸ್ಮಿತ್ ಚೂರುಗಳನ್ನು ಜೋಡಿಸುತ್ತ ಹೋದ. 1875ರಲ್ಲಿ ಅದೇ ಪತ್ರಿಕೆಗೆ ಪತ್ರ ಬರೆದು ಸೃಷ್ಟಿಯ ಕತೆ ಸಿಕ್ಕಿದೆ ಎಂದು ಸಾರಿದ, ಮರುವರ್ಷ ಪುಸ್ತಕ ತಂದ. ‘ಎನೂಮಾ ಎಲಿಶ್’ ಎಂದು ಇವತ್ತು ಕರೆಯುವ, ಏಳು ಫಲಕಗಳ ಬಾಬಿಲೋನಿನ ಕಾವ್ಯ ಹೀಗೆ ಬೆಳಕಿಗೆ ಬಂತು.

ಆದರೆ ಆತ ಹುಡುಕುತ್ತಿದ್ದದ್ದು ಬೈಬಲನ್ನು. ಒಂದು ಫಲಕದಲ್ಲಿ ಮನುಷ್ಯನ ಪತನ ಕಂಡಿತು. ಅದು ದೇವರ ಸ್ತುತಿ ಎಂದು ಆಮೇಲಿನವರು ತೋರಿಸಿದರು. ಒಂದು ಮುದ್ರೆಯಲ್ಲಿ ಮರದ ಎರಡೂ ಬದಿಗೆ ಕೂತ ಇಬ್ಬರು, ಹಿಂದೆ ಹಾವು. ಆದಾಮ-ಹವ್ವರ ನೆನಪಾಯಿತು, ಅದರಲ್ಲಿರುವುದು ದೇವರು ಮತ್ತು ಭಕ್ತ ಎನ್ನುವುದು ಈಗಿನ ವಿದ್ವಾಂಸರ ಮಾತು. ಸ್ಮಿತ್‌ನನ್ನು ನಾನು ಹಳಿಯಲಾರೆ. ಹೋಲಿಕೆಯ ಹಸಿವಿಲ್ಲದಿದ್ದರೆ ಆ ಚೂರುಗಳನ್ನು ಯಾರೂ ಅಷ್ಟು ತಾಳ್ಮೆಯಿಂದ ಕೂಡಿಸುತ್ತಿರಲಿಲ್ಲ. 1876ರ ಆಗಸ್ಟಿನಲ್ಲಿ, ಮೂರನೆಯ ಪ್ರಯಾಣದಲ್ಲಿ, ಆತ ಭೇದಿಯಿಂದ ಅಲೆಪ್ಪೋದಲ್ಲಿ ತೀರಿಕೊಂಡ. ವಯಸ್ಸು ಮೂವತ್ತಾರು.

ಕಾವ್ಯ ಹೆಚ್ಚು ಹೆಚ್ಚು ಕೂಡಿಬಂದಂತೆ ಹೋಲಿಕೆಗಿಂತ ವ್ಯತ್ಯಾಸವೇ ಮಾತಾಡತೊಡಗಿತು. ಎರಡೂ ಕತೆಗಳ ಮೊದಲಿಗೆ ನೀರೇ ಇದೆ. ಬಾಬಿಲೋನಿನಲ್ಲಿ ಮಾತ್ರ ಆ ನೀರು ಸಿಹಿನೀರಿನ ಅಪ್ಸು, ಉಪ್ಪುನೀರಿನ ತಿಯಾಮತ್ ಎಂಬ ಗಂಡಹೆಂಡಿರು. ಅವರ ಸಂತಾನವೇ ದೇವತೆಗಳು. ಆ ದೇವತೆಗಳಲ್ಲೊಬ್ಬನಾದ ಮರ್ದುಕ ತಿಯಾಮತ್‌ಳನ್ನು ಕೊಂದು ಅವಳ ದೇಹವನ್ನು ಒಣಹಾಕುವ ಮೀನಿನಂತೆ ಸೀಳಿ, ಅರ್ಧವನ್ನು ಆಕಾಶವಾಗಿ ಮೇಲೆ ನಿಲ್ಲಿಸುತ್ತಾನೆ. ಇಲ್ಲಿ ಪುರುಷಸೂಕ್ತ ನಮಗೆ ನೆನಪಾಗದೆ ಇರದು. ಅಲ್ಲಿಯೂ ಒಂದು ದೇಹದಿಂದಲೇ ಲೋಕ. ಆದರೆ ಪುರುಷ ಶತ್ರುವಲ್ಲ, ಯಜ್ಞದ ಹವಿಸ್ಸು. ಒಂದು ಕಡೆ ಯುದ್ಧದಿಂದ ಜಗತ್ತು, ಇನ್ನೊಂದು ಕಡೆ ಅರ್ಪಣೆಯಿಂದ. ಎರಡೂ ಒಂದೇ ಎಂದು ದಾಟಿಬಿಟ್ಟರೆ ಎರಡನ್ನೂ ಓದಿದಂತಾಗಲಿಲ್ಲ.

ಮನುಷ್ಯನ ಹುಟ್ಟಿನ ವಿಷಯಕ್ಕೆ ಬಂದರೆ ಬಾಬಿಲೋನಿನ ಕತೆ ಇನ್ನೂ ನಿಷ್ಠುರ. ಸೋತ ದೇವತೆ ಕಿಂಗುವಿನ ರಕ್ತದಿಂದ ಮಾನವರನ್ನು ಮಾಡಿದ್ದು ದೇವತೆಗಳ ದುಡಿಮೆಯನ್ನು ಹೊರಲೆಂದು. ಮನುಷ್ಯನ ಹುಟ್ಟು ಇನ್ನೊಂದು ಕಾವ್ಯದಲ್ಲೂ ಇದೆ. 1873ರಲ್ಲಿ ಸ್ಮಿತ್‌ಗೆ ಸಿಕ್ಕ ಪ್ರಳಯದ ತುಂಡು ಸೇರಿದ್ದು ಅದಕ್ಕೇ, ‘ಅತ್ರಹಾಸಿಸ್’ಗೆ. 1969ರಲ್ಲಿ ಲ್ಯಾಂಬರ್ಟ್ ಮತ್ತು ಮಿಲ್ಲಾರ್ಡ್ ಅದರ ಸಮಗ್ರ ಆವೃತ್ತಿ ತಂದರು. ಅದರಲ್ಲಿ ಕಾಲುವೆ ತೋಡಿ ತೋಡಿ ಬಳಲಿದ ಕಿರಿಯ ದೇವತೆಗಳು ಸಲಿಕೆಗಳಿಗೆ ಬೆಂಕಿಯಿಟ್ಟು ಮುಷ್ಕರ ಹೂಡುತ್ತಾರೆ. ಆಗ ಜೇಡಿಮಣ್ಣಿಗೆ ಒಬ್ಬ ದೇವತೆಯ ನೆತ್ತರು, ಮಾಂಸ ಕಲಸಿ ಮನುಷ್ಯನನ್ನು ಮಾಡಲಾಗುತ್ತದೆ. ಕಾಲುವೆಯ ಹೂಳೆತ್ತದಿದ್ದರೆ ಬೆಳೆಯೇ ಇಲ್ಲದ ನಾಡಿನ ಜನ ತಮ್ಮ ಬೆನ್ನುನೋವಿಗೆ ಕಾರಣ ಕೇಳಿಕೊಂಡಂತಿದೆ ಈ ಕತೆ. ಬೈಬಲಿನ ಆದಿಕಾಂಡದ ಮೊದಲ ಅಧ್ಯಾಯದಲ್ಲಾದರೋ ಮನುಷ್ಯ ದೇವರ ಸ್ವರೂಪದಲ್ಲಿ ಹುಟ್ಟಿ, ಉಳಿದ ಜೀವಿಗಳ ಮೇಲೆ ಒಡೆತನ ಪಡೆಯುತ್ತಾನೆ.

ಸ್ಮಿತ್ ಬಿಟ್ಟುಹೋದ ದೊಡ್ಡ ಖಾಲಿ ಇದ್ದದ್ದು ಐದನೆಯ ಫಲಕದಲ್ಲಿ. ನಕ್ಷತ್ರ, ಚಂದ್ರರನ್ನು ನೇಮಿಸುವ ಸಾಲುಗಳಾದ ಮೇಲೆ ಕಾವ್ಯ ಮುರಿದುಹೋಗಿತ್ತು. 1951ರಲ್ಲಿ ಟರ್ಕಿಯ ಸುಲ್ತಾನ್‌ತೆಪೆ ದಿಬ್ಬದಲ್ಲಿ ಅಗೆತ ಶುರುವಾಗಿ ಮತ್ತಷ್ಟು ಫಲಕಗಳು ಸಿಕ್ಕವು. ಅವನ್ನೂ ಬೇರೆ ಚೂರುಗಳನ್ನೂ ಕೂಡಿಸಿ ಲ್ಯಾಂಡ್ಸ್‌ಬರ್ಗರ್ ಮತ್ತು ಕಿನ್ನಿಯರ್ ವಿಲ್ಸನ್ 1961ರಲ್ಲಿ ಆ ಫಲಕವನ್ನು ಪ್ರಕಟಿಸಿದರು. ಸತ್ತ ತಿಯಾಮತ್‌ಳ ಕಣ್ಣುಗಳಿಂದ ಮರ್ದುಕ ಯೂಫ್ರೆಟಿಸ್, ಟೈಗ್ರಿಸ್ ನದಿಗಳನ್ನು ಹರಿಸುತ್ತಾನೆ ಎನ್ನುವುದು ಅಲ್ಲಿದೆ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲೂ ಈ ಎರಡು ನದಿಗಳು ಬರುತ್ತವೆ. ಅಲ್ಲಿ ಅವು ಹೊರಡುವುದು ಏದೆನ್ ತೋಟಕ್ಕೆ ನೀರುಣಿಸಿದ ಹೊಳೆ ನಾಲ್ಕಾಗಿ ಕವಲೊಡೆದು.