ಅರ್ಧ ಸತ್ತ ದೀಪ

ಕಳೆದ ಮಳೆಗಾಲದ ಒಂದು ಸಂಜೆ ನಾವು ಚಾರ್ಮಾಡಿ ಘಾಟಿಯನ್ನು ಇಳಿಯುತ್ತಿದ್ದೆವು. ಮಂಜು ದಟ್ಟವಾಗಿ ಕವಿದುದರಿಂದ ದಾರಿ ಅಗಲವಾಗಿದ್ದೆಡೆ ಕಾರನ್ನು ಬದಿಗೆ ನಿಲ್ಲಿಸಿದೆವು. ಹಿಂದೆಯೇ ಬಂದ ಜೀಪಿನ ಚಾಲಕರು ಕೆಳಗಿಳಿದು ಬಂದು, “ಏನು ಸ್ವಾಮಿ, ನಿಮ್ಮ ಬಲಗಡೆಯ ಹಿಂದಿನ ದೀಪ ಉರಿಯುತ್ತಲೇ ಇಲ್ಲವಲ್ಲ! ಎಡಗಡೆಯದೊಂದನ್ನೇ ನೋಡಿ ಬೈಕು ಹೋಗುತ್ತಿದೆ ಎಂದುಕೊಂಡೆ. ನೀವು ಬ್ರೇಕು ಒತ್ತಿದಾಗ ಎರಡೂ ಹತ್ತಿಕೊಂಡವು. ಅಷ್ಟು ಹೊತ್ತಿಗೆ ತೀರ ಹತ್ತಿರ ಬಂದುಬಿಟ್ಟಿದ್ದೆ” ಎಂದರು.

ಅವರ ತಪ್ಪೆಣಿಕೆ ಎಂತಹ ಅಪಾಯದ್ದೆಂಬುದನ್ನು ವಾಚಕರು ಊಹಿಸಬಹುದು. ನಮ್ಮ ದೇಶದಲ್ಲಿ ವಾಹನಗಳು ರಸ್ತೆಯ ಎಡಭಾಗದಲ್ಲಿ ಚಲಿಸುತ್ತವೆ. ಮುಂದಿನ ವಾಹನವನ್ನು ದಾಟುವವರು ಅದರ ಬಲಬದಿಯಿಂದ ಸಾಗುತ್ತಾರೆ. ಎಡಗಡೆಯ ಒಂಟಿ ದೀಪವನ್ನು ಕಂಡು ಅದರ ಬಲಕ್ಕೆ ದಾರಿ ತೆರವಾಗಿದೆಯೆಂದು ನುಗ್ಗಿದರೆ, ಅಲ್ಲಿ ಕತ್ತಲೆಯಲ್ಲಿ ಅಡಗಿರುವುದು ಕಾರಿನ ಉಕ್ಕಿನ ಒಡಲು. ಗಂಟೆಗೆ 60 ಕಿಲೋಮೀಟರು ವೇಗದ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಕ್ರಮಿಸುತ್ತದೆ. ತಪ್ಪು ತಿಳಿಯುವಷ್ಟರಲ್ಲಿ ಅಂತರವೆಲ್ಲ ಮುಗಿದಿರುತ್ತದೆ. ವಿಚಿತ್ರವೆಂದರೆ ತನ್ನ ಕಾರಿನ ಈ ದೀಪಗಳನ್ನು ಎಂದೂ ಕಾಣದವನು ಅದನ್ನು ನಡೆಸುವವನೊಬ್ಬನೇ!

ಆದರೆ ಸತ್ತ ದೀಪವು ಬ್ರೇಕು ಒತ್ತಿದಾಗ ಮರಳಿ ಬದುಕಿದ್ದು ಹೇಗೆ? ಆ ಬಲ್ಬನ್ನು ಹೊರತೆಗೆದು ನೋಡಿದಾಗ ಗುಟ್ಟು ತಿಳಿಯಿತು. ಒಂದೇ ಗಾಜಿನ ಬುರುಡೆಯೊಳಗೆ ಎರಡು ತಂತುಗಳು! ಅದರ ಲೋಹದ ಬುಡದ ಮೇಲೆ ‘12 ವೋಲ್ಟು, 21/5 ವಾಟು’ ಎಂದು ಬರೆದಿರುತ್ತದೆ. 5 ವಾಟಿನ ಸಣ್ಣ ತಂತು ರಾತ್ರಿಯಿಡೀ ಉರಿದು ‘ಇಲ್ಲೊಂದು ವಾಹನವಿದೆ’ ಎನ್ನುತ್ತದೆ. 21 ವಾಟಿನ ದಪ್ಪ ತಂತು ಬ್ರೇಕು ಒತ್ತಿದಾಗ ಮಾತ್ರ ಉರಿದು ‘ವೇಗ ತಗ್ಗುತ್ತಿದೆ, ಎಚ್ಚರ’ ಎನ್ನುತ್ತದೆ. ಎರಡರ ಬಣ್ಣವೂ ಕೆಂಪೇ. ಹಿಂದಿನವರಿಗೆ ಸುದ್ದಿ ತಿಳಿಯುವುದು ಪ್ರಕಾಶದ ವ್ಯತ್ಯಾಸದಿಂದ. ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಪ್ರವಾಹ ದೊರೆಯುವುದಷ್ಟೆ. ಅದರಂತೆ ದಪ್ಪ ತಂತುವಿನಲ್ಲಿ 1.75 ಆಂಪಿಯರು, ಸಣ್ಣದರಲ್ಲಿ ಸುಮಾರು 0.4 ಆಂಪಿಯರು ಹರಿಯುತ್ತದೆ. ನಮ್ಮ ಕಾರಿನಲ್ಲಿ ಕಡಿದುಹೋಗಿದ್ದುದು ಸಣ್ಣ ತಂತು. ಅದು ಹೆಚ್ಚು ಸಪೂರ. ಉರಿಯುವ ಹೊತ್ತೂ ಹೆಚ್ಚು.

ತಂತು ಕಡಿಯುವುದೇಕೆ? ಅದು ಟಂಗ್‌ಸ್ಟನ್ ಲೋಹದ್ದು. 3,422 ಡಿಗ್ರಿ ಸೆಲ್ಸಿಯಸ್‌ವರೆಗೂ ಕರಗದ ಈ ಲೋಹವು ಬಲ್ಬಿನಲ್ಲಿ ಅದಕ್ಕಿಂತ ಕೆಳಗಿನ ತಾಪದಲ್ಲಿಯೇ ಉರಿಯುತ್ತದೆಯಾದರೂ, ಅಣುಅಣುವಾಗಿ ಆವಿಯಾಗುತ್ತಲೇ ಇರುತ್ತದೆ. ಎಲ್ಲಿ ತಂತು ತುಸು ತೆಳುವಾಯಿತೋ ಅಲ್ಲಿ ರೋಧ ಹೆಚ್ಚುತ್ತದೆ. ರೋಧ ಹೆಚ್ಚಿದೆಡೆ ಕಾವು ಹೆಚ್ಚು. ಕಾವು ಹೆಚ್ಚಿದೆಡೆ ಆವಿಯಾಗುವಿಕೆಯೂ ಹೆಚ್ಚು. ಹೀಗೆ ಸೊರಗಿದ ಭಾಗವೇ ಮತ್ತಷ್ಟು ಸೊರಗುತ್ತ ಹೋಗುತ್ತದೆ. ಕೊನೆಯ ಪೆಟ್ಟು ಬೀಳುವುದು ಸಾಮಾನ್ಯವಾಗಿ ಸ್ವಿಚ್ಚು ಹಾಕಿದ ಕ್ಷಣದಲ್ಲಿ. ತಣ್ಣಗಿರುವ ಟಂಗ್‌ಸ್ಟನ್ನಿನ ರೋಧವು ಉರಿಯುತ್ತಿರುವಾಗ ಇರುವುದರ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಆದುದರಿಂದ ಮೊದಲ ಕ್ಷಣದಲ್ಲಿ ಅಷ್ಟೇ ಪಟ್ಟು ಅಧಿಕ ಪ್ರವಾಹ ನುಗ್ಗುತ್ತದೆ.

ಈಗ ಬದಲಾಯಿಸುವ ಕೆಲಸ. ಎಂಜಿನು, ದೀಪ ಎರಡನ್ನೂ ಆರಿಸಿ, ಬಲ್ಬು ಆರುವವರೆಗೆ ಕಾಯಬೇಕು. 12 ವೋಲ್ಟಿನಿಂದ ಮೈಗೆ ಆಘಾತವಾಗುವ ಭಯವಿಲ್ಲ. ಬಿಸಿ ಗಾಜು ಬೆರಳನ್ನು ಸುಡುವ ಭಯವೇ ಇಲ್ಲಿರುವುದು. ಅನೇಕ ಕಾರುಗಳಲ್ಲಿ ಡಿಕ್ಕಿಯ ಬಾಗಿಲನ್ನು ತೆರೆದು, ಎರಡು ತಿರುಪುಗಳನ್ನು ಬಿಚ್ಚಿದರೆ ದೀಪದ ಗೂಡು ಕೈಗೆ ಬರುತ್ತದೆ. ಹೋಲ್ಡರನ್ನು ತಿರುಗಿಸಿ ಹೊರತೆಗೆದು, ಬಲ್ಬನ್ನು ಮೆಲ್ಲನೆ ಒಳಕ್ಕೆ ಒತ್ತಿ ಎಡಕ್ಕೆ ತಿರುಗಿಸಿದರೆ ಅದು ಕಳಚಿಕೊಳ್ಳುತ್ತದೆ. ಕೆಲವು ಬಲ್ಬುಗಳಿಗೆ ಗಾಜಿನದೇ ಚಪ್ಪಟೆ ಬುಡವಿದ್ದು, ಅವನ್ನು ನೇರವಾಗಿ ಎಳೆದರೆ ಸಾಕು. ಹಳೆಯ ಬಲ್ಬನ್ನು ಎಸೆಯುವ ಮುನ್ನ ಬೆಳಕಿಗೆ ಹಿಡಿದು ನೋಡಿರಿ. ಗಾಜಿನ ಒಳಮೈ ಕಪ್ಪಾಗಿದ್ದರೆ ಅದು ಆವಿಯಾದ ಟಂಗ್‌ಸ್ಟನ್. ಬಲ್ಬು ಮುಪ್ಪಿನಿಂದ ಸತ್ತಿದೆ. ಬಿಳಿಯ ಪುಡಿ ಹಿಡಿದಿದ್ದರೆ ಒಳಕ್ಕೆ ಗಾಳಿ ಹೊಕ್ಕು ತಂತು ಆಕ್ಸೈಡ್ ಆಗಿದೆ ಎಂದರ್ಥ.

ಹೊಸದನ್ನು ಕೂರಿಸುವಾಗ ಬುಡದ ಎರಡು ಮೊಳೆಗಳನ್ನು ಗಮನಿಸಬೇಕು. ಎರಡು ತಂತುಗಳ ಬಲ್ಬಿನಲ್ಲಿ ಒಂದು ಮೊಳೆ ಮೇಲೆ, ಇನ್ನೊಂದು ತುಸು ಕೆಳಗೆ ಇರುತ್ತದೆ. ಇದು ತಯಾರಕರ ಕೈತಪ್ಪಲ್ಲ. ಬಲ್ಬು ಒಂದೇ ರೀತಿಯಲ್ಲಿ ಕೂರಲೆಂದು ಮಾಡಿದ ಏರ್ಪಾಡು. ಬಲವಂತದಿಂದ ತಿರುಗುಮುರುಗಾಗಿ ಕೂರಿಸಿದರೆ ದಪ್ಪ ತಂತುವೇ ರಾತ್ರಿಯಿಡೀ ಉರಿಯುತ್ತಿದ್ದು, ಬ್ರೇಕು ಒತ್ತಿದಾಗ ಸಣ್ಣ ತಂತುವಿನ ಬೆಳಕಷ್ಟೇ ಅದಕ್ಕೆ ಕೂಡುತ್ತದೆ. ಅದನ್ನು ಗುರುತಿಸುವವರು ಯಾರು? ದೀಪ ಉರಿಯದಿರುವುದಕ್ಕಿಂತ ಇದು ಕೆಟ್ಟದ್ದು, ಏಕೆಂದರೆ ನೋಡುವವರಿಗೆ ಎಲ್ಲವೂ ಸರಿಯಿದ್ದಂತೆಯೇ ತೋರುತ್ತದೆ.

ಹೊಸ ಬಲ್ಬೂ ಮಂಕಾಗಿಯೇ ಉರಿದರೆ ಅಂಗಡಿಯವನನ್ನು ದೂರಬೇಡಿರಿ. ಕಾರಿನಲ್ಲಿ ಬ್ಯಾಟರಿಯ ಧನಧ್ರುವದಿಂದ ದೀಪದವರೆಗೆ ತಂತಿಯಿರುತ್ತದೆ. ಪ್ರವಾಹವು ಹಿಂದಿರುಗುವ ದಾರಿ ಕಾರಿನ ಲೋಹದ ಒಡಲೇ. ದೀಪವು ಒಡಲಿಗೆ ತಾಗುವ ಎಡೆಯಲ್ಲಿ ಮಳೆನೀರಿನಿಂದ ತುಕ್ಕು ಹಿಡಿದರೆ ಪ್ರವಾಹವು ಅಡ್ಡದಾರಿ ಹಿಡಿದು ಬೇರೆ ತಂತುಗಳ ಮೂಲಕ ಹಿಂದಿರುಗುತ್ತದೆ. ಬ್ರೇಕು ಒತ್ತಿದರೆ ದಿಕ್ಕು ತೋರುವ ದೀಪ ಮಿಣುಕುವಂತಹ ಚೇಷ್ಟೆಗಳಿಗೆ ಕಾರಣ ಬಹುಮಟ್ಟಿಗೆ ಇದೇ. ನಯವಾದ ಉಪ್ಪುಕಾಗದದಿಂದ ಆ ಎಡೆಯನ್ನು ಉಜ್ಜಿದರೆ ರೋಗ ವಾಸಿಯಾಗುತ್ತದೆ.

ಮುಂದಿನ ದೊಡ್ಡ ದೀಪದ್ದು ಮತ್ತೊಂದು ಕಥೆ. ಅದರ ಹ್ಯಾಲೊಜೆನ್ ಬಲ್ಬಿನ ಪೆಟ್ಟಿಗೆಯ ಮೇಲೆ ‘ಗಾಜನ್ನು ಬೆರಳಿನಿಂದ ಮುಟ್ಟಬೇಡಿ’ ಎಂಬ ಎಚ್ಚರಿಕೆಯಿರುತ್ತದೆ. ಹಿಂಬದಿಯ ಬಲ್ಬಿಗಿಲ್ಲದ ಈ ಮಡಿ ಇದಕ್ಕೇಕೆ?

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಲ್ಮರ್ ಫ್ರಿಡ್ರಿಕ್ ಮತ್ತು ಎಮೆಟ್ ವೈಲಿ ಎಂಬುವರು 1959ರಲ್ಲಿ ಪೇಟೆಂಟು ಪಡೆದ ದೀಪದ ವಂಶಕ್ಕೆ ಇದು ಸೇರಿದ್ದು. ಒಳಗಿನ ಅನಿಲದಲ್ಲಿ ಅಯೊಡೀನ್ ಅಥವಾ ಬ್ರೋಮೀನಿನ ಲವಲೇಶ ಬೆರೆತಿರುತ್ತದೆ. ಆವಿಯಾದ ಟಂಗ್‌ಸ್ಟನ್ ಗೋಡೆಯ ಬಳಿ ಅದರೊಡನೆ ಸಂಯೋಗ ಹೊಂದಿ, ಗೋಡೆಗೆ ಅಂಟದೆ ಅನಿಲವಾಗಿಯೇ ತೇಲುತ್ತದೆ. ಕೆಂಡದಂತಿರುವ ತಂತುವಿನ ಬಳಿ ಬಂದಾಗ ಒಡೆದು ಟಂಗ್‌ಸ್ಟನ್ನನ್ನು ಅಲ್ಲಿಯೇ ಇಳಿಸುತ್ತದೆ. ಹಾಗಿದ್ದರೆ ಈ ಬಲ್ಬು ಅಮರವಾಗಬೇಕಿತ್ತಲ್ಲವೇ? ಇಲ್ಲ. ಹಿಂದಿರುಗಿದ ಲೋಹವು ತಾನು ಹೊರಟ ಜಾಗದಲ್ಲಿಯೇ ಇಳಿಯುವುದಿಲ್ಲ. ಸೊರಗಿದ ಭಾಗ ಸೊರಗಿಯೇ ಉಳಿಯುತ್ತದೆ. ಆದರೂ ಗಾಜು ಕಪ್ಪಾಗುವುದಿಲ್ಲ. ತಂತುವನ್ನು ಹೆಚ್ಚು ಕಾಯಿಸಿ ಹೆಚ್ಚು ಬೆಳಕನ್ನೂ ಪಡೆಯಬಹುದು.

ಈ ಚಕ್ರ ನಡೆಯಬೇಕಾದರೆ ಗೋಡೆಯ ತಾಪ ಸುಮಾರು 250 ಡಿಗ್ರಿಗಿಂತ ಮೇಲಿರಬೇಕು. ಅದಕ್ಕಾಗಿಯೇ ಬುರುಡೆ ಅಷ್ಟು ಚಿಕ್ಕದು, ಮತ್ತು ಸಾಮಾನ್ಯ ಗಾಜಿನ ಬದಲು ಸ್ಫಟಿಕಶಿಲೆಯಂತಹ ಕಾವು ತಾಳುವ ವಸ್ತುವಿನದು. ನಮ್ಮ ಬೆರಳಿನಲ್ಲಿ ಜಿಡ್ಡೂ ಬೆವರಿನ ಉಪ್ಪೂ ಇರುತ್ತವೆ. ಅಷ್ಟು ಕಾವಿನಲ್ಲಿ ಉಪ್ಪಿನ ಸೋಡಿಯಂ ತಾಗಿದೆಡೆ ಗೋಡೆಯು ಹರಳುಗಟ್ಟಿ ಬೆಳ್ಳಗಾಗುತ್ತದೆ. ಆ ಕಲೆ ಕಾವನ್ನು ಹೀರುತ್ತದೆ. ಸುತ್ತಲಿನ ಭಾಗದೊಡನೆ ಸಮನಾಗಿ ಹಿಗ್ಗಲಾರದೆ ಬಿರುಕು ಬಿಡಬಹುದು. ಒಳಗಿನ ಅನಿಲವೋ ಹಲವು ವಾತಾವರಣಗಳ ಒತ್ತಡದಲ್ಲಿರುತ್ತದೆ. ಆದುದರಿಂದ ಬಲ್ಬನ್ನು ಬುಡದಿಂದಲೇ, ಶುಭ್ರವಾದ ಬಟ್ಟೆಯಲ್ಲಿ ಹಿಡಿಯಬೇಕು. ಕೈ ತಾಗಿಯೇ ಬಿಟ್ಟರೆ ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಹಾಕಬಹುದು.

ಬೆಳಕು ಹೆಚ್ಚಲೆಂದು 60/55 ವಾಟಿನ ಜಾಗದಲ್ಲಿ 100/90 ವಾಟಿನದನ್ನು ಹಾಕುವವರುಂಟು. ನಮಗೆ ಇದು ಸರಿತೋರದು. 55ರ ಬದಲು 90 ವಾಟಾದರೆ ಪ್ರವಾಹ ಸುಮಾರು 4.6ರಿಂದ 7.5 ಆಂಪಿಯರಿಗೆ ಏರುತ್ತದೆ. ತಂತಿಯ ಕಾವು ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ ಅದು ಎರಡೂವರೆ ಪಟ್ಟಿಗೂ ಮೀರುತ್ತದೆ. ಕರಗುವುದು ಹೋಲ್ಡರು, ಕಣ್ಣು ಕುಕ್ಕುವುದು ಎದುರಿನವರಿಗೆ.

ಇತ್ತೀಚಿನ ಅನೇಕ ಕಾರುಗಳ ಹಿಂಬದಿಯಲ್ಲಿ ಎಲ್‌ಇಡಿ ದೀಪಗಳಿವೆ. ತಂತು ಕಾಯುವ ಕೆಲಸವಿಲ್ಲದುದರಿಂದ ಅವು ಸುಮಾರು 0.2 ಸೆಕೆಂಡು ಬೇಗ ಬೆಳಗುತ್ತವೆ. ಆದರೆ ಕೆಟ್ಟರೆ ಬಹುಮಟ್ಟಿಗೆ ಇಡೀ ಗೂಡನ್ನೇ ಬದಲಾಯಿಸಬೇಕು.

ಕೆಲಸ ಮುಗಿದ ಮೇಲೆ ಪರೀಕ್ಷಿಸಲು ಜೊತೆಯವರಿಲ್ಲದಿದ್ದರೆ, ಮುಸ್ಸಂಜೆಯಲ್ಲಿ ಕಾರಿನ ಬೆನ್ನನ್ನು ಒಂದು ಬಿಳಿಯ ಗೋಡೆಗೆ ಮಾಡಿ ನಿಲ್ಲಿಸಿರಿ. ದೀಪ ಹಾಕಿ ಕನ್ನಡಿಯಲ್ಲಿ ನೋಡಿದರೆ ಗೋಡೆಯ ಮೇಲೆ ಎರಡು ಕೆಂಪು ಛಾಯೆಗಳು ಕಾಣುತ್ತವೆ. ಬ್ರೇಕು ಒತ್ತಿದೊಡನೆ ಎರಡೂ ಒಟ್ಟಿಗೆ, ಸಮನಾಗಿ ಉಜ್ಜ್ವಲವಾಗಬೇಕು. ನಾವು ಹಾಗೆ ನೋಡಿದಾಗ ಎಡಗಡೆಯದು ತುಸು ಮಂಕಾಗಿ ಕಂಡಿತು. ಅದರ ಬಲ್ಬಿನ ಗಾಜೂ ಕಪ್ಪಾಗಿತ್ತು. ಮರುದಿನ ಅದನ್ನೂ ಬದಲಾಯಿಸಿದೆವು.