ಮೆಗ್ನೀಸಿಯಂ ಲೋಹವೂ ಅದರ ಆಹಾರೋಪಯೋಗವೂ

ರಸಶಾಸ್ತ್ರದ ಗ್ರಂಥಗಳಲ್ಲಿ ಚಿನ್ನ, ಬೆಳ್ಳಿ, ತಾಮ್ರ, ಕಬ್ಬಿಣ, ಸೀಸ, ತವರ, ಸತುವು ಎಂಬ ಲೋಹಗಳ ಶೋಧನಮಾರಣಾದಿ ಕ್ರಮಗಳು ವಿಸ್ತಾರವಾಗಿ ಹೇಳಲ್ಪಟ್ಟಿವೆ. ಮೆಗ್ನೀಸಿಯಂ ಅವುಗಳಲ್ಲಿ ಇಲ್ಲ. ಯಾವುದಾದರೊಂದು ಪ್ರಾಚೀನ ಶಬ್ದವನ್ನು ಎಳೆದು ತಂದು ಈ ಲೋಹಕ್ಕೆ ಹೊಂದಿಸುವುದು ಉಚಿತವಲ್ಲ. ಇದು ಪ್ರಕೃತಿಯಲ್ಲಿ ಶುದ್ಧರೂಪದಿಂದ ದೊರೆಯತಕ್ಕುದಲ್ಲ. ಸೇಲಮಿನ ಬಳಿಯ ಬಿಳಿಯ ಗುಡ್ಡಗಳಲ್ಲಿಯೂ ಮೈಸೂರು ಜಿಲ್ಲೆಯಲ್ಲಿಯೂ ಸಿಕ್ಕುವ ಮ್ಯಾಗ್ನಸೈಟ್ ಶಿಲೆಯಲ್ಲಿ ಅದು ಅಂಗಾರಾಮ್ಲದೊಡನೆ ಕೂಡಿರುತ್ತದೆ. ಆ ಶಿಲೆಯನ್ನು ಸುಟ್ಟರೆ ಉಳಿಯುವುದು ಬಿಳಿಯ ಭಸ್ಮವೇ ಹೊರತು ಲೋಹವಲ್ಲ. ರಾಜಸ್ಥಾನದ ಜಾವರದಲ್ಲಿ ಸತುವನ್ನು ಇಳಿಸಿದ ಕುಲುಮೆಗಳ ಬೆಂಕಿಯಾದರೂ ಈ ಭಸ್ಮದಿಂದ ಆಮ್ಲಜನಕವನ್ನು ಬಿಡಿಸಲಾರದು. ಪ್ರಾಚೀನರು ಇದನ್ನು ಕಾಣದೆ ಹೋದುದು ಅವರ ದೋಷವಲ್ಲ. ಆದರೆ ದಿನವೂ ಉಣ್ಣುತ್ತಿದ್ದರು.

ಯುರೋಪಿನಲ್ಲಿಯೂ ಮೊದಲು ಪರಿಚಿತವಾದುದು ಇದರ ಲವಣವೇ. ಇಂಗ್ಲೆಂಡಿನ ಎಪ್ಸಮ್ ಎಂಬ ಊರಿನ ಕಹಿನೀರಿನಿಂದ ತೆಗೆದ ಉಪ್ಪು 17ನೆಯ ಶತಮಾನದಲ್ಲಿ ವಿರೇಚಕವೆಂದು ಪ್ರಸಿದ್ಧವಾಯಿತು. 1755ರಲ್ಲಿ ಜೋಸೆಫ್ ಬ್ಲ್ಯಾಕನು ಇದರ ಭಸ್ಮವು ಸುಣ್ಣಕ್ಕಿಂತ ಭಿನ್ನವಾದುದೆಂದು ಸ್ಥಾಪಿಸಿದನು. 1808ರಲ್ಲಿ ಹಂಫ್ರಿ ಡೇವಿಯು ವಿದ್ಯುತ್ತಿನ ಬಲದಿಂದ ಲೋಹವನ್ನೇ ಬೇರ್ಪಡಿಸಿದನು. ಇದು ಬೆಳ್ಳಿಯ ಬಣ್ಣದ್ದು, ಅಲ್ಯೂಮಿನಿಯಮ್ಮಿಗಿಂತಲೂ ಹಗುರವಾದುದು. 650 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಹೊತ್ತಿಸಿದರೆ ಕಣ್ಣು ಕೋರೈಸುವ ಬಿಳಿಯ ಜ್ವಾಲೆಯಿಂದ ಉರಿಯುವುದು. ಇತರ ಬೆಂಕಿಯನ್ನು ನಂದಿಸುವ ಅಂಗಾರಾಮ್ಲ ವಾಯುವಿನೊಳಗೆ ಇಟ್ಟರೂ ಇದು ಆರದು. ಆ ವಾಯುವಿನ ಆಮ್ಲಜನಕವನ್ನು ತಾನು ಸೆಳೆದುಕೊಂಡು ಕರಿಯ ಇಂಗಾಲವನ್ನು ಹೊರಗೆಡಹುತ್ತದೆ.

ಇಷ್ಟು ಉಗ್ರವಾದ ಲೋಹವು ಎಲೆಯಲ್ಲಿ ಸೌಮ್ಯವಾಗಿ ನೆಲಸಿರುವುದು ಆಶ್ಚರ್ಯಕರವಾದುದು. ಗಿಡಗಳ ಹಸುರಿಗೆ ಕಾರಣವಾದ ಪತ್ರಹರಿತ್ತಿನ ಅಣುವಿನ ನಡುವೆ ಮೆಗ್ನೀಸಿಯಮ್ಮಿನ ಒಂದು ಪರಮಾಣುವು ನಾಲ್ಕು ಸಾರಜನಕ ಪರಮಾಣುಗಳ ನಡುವೆ ಕುಳಿತಿರುತ್ತದೆ. ರಕ್ತದ ಕೆಂಪಿನಲ್ಲಿಯೂ ಬಹುಮಟ್ಟಿಗೆ ಇಂತಹುದೇ ಚಕ್ರವುಂಟು. ಅಲ್ಲಿ ನಡುವೆ ಕಬ್ಬಿಣವಿರುವುದೊಂದೇ ಮುಖ್ಯ ಭೇದ. ಇದಕ್ಕೆ ಅಡಿಗೆಮನೆಯಲ್ಲಿಯೇ ಪ್ರಮಾಣವುಂಟು. ಸೊಪ್ಪಿಗೆ ಹುಣಿಸೆಹುಳಿಯನ್ನು ಹಾಕಿ ಬೇಯಿಸಿದರೆ ಹಸುರು ಮಾಸಿ ಕಂದುಗೂಡುತ್ತದೆಯಷ್ಟೆ. ಹುಳಿಯ ಜಲಜನಕವು ಮೆಗ್ನೀಸಿಯಮ್ಮನ್ನು ಅದರ ಪೀಠದಿಂದ ಎಬ್ಬಿಸಿ ತಾನು ಕುಳಿತುಕೊಳ್ಳುವುದೇ ಅದಕ್ಕೆ ಕಾರಣ. ಹೊರಬಿದ್ದ ಲೋಹವು ನಾಶವಾಗುವುದಿಲ್ಲ; ಸಾರಿನ ನೀರಿನಲ್ಲಿರುತ್ತದೆ. ಬೇಯಿಸಿದ ನೀರನ್ನು ಬಸಿದು ಚೆಲ್ಲದೆ ಅದರಿಂದಲೇ ಬಸ್ಸಾರು ಮಾಡುವ ಹಳ್ಳಿಯ ಪದ್ಧತಿಯು ಈ ದೃಷ್ಟಿಯಿಂದ ಬಲು ಯುಕ್ತವಾದುದು.

ವಯಸ್ಕನ ದೇಹದಲ್ಲಿ ಸುಮಾರು 25 ಗ್ರಾಂ ಮೆಗ್ನೀಸಿಯಂ ಇರುವುದು. ಅರ್ಧಕ್ಕಿಂತ ಹೆಚ್ಚು ಭಾಗವು ಅಸ್ಥಿಗತವಾದುದು. ಉಳಿದುದು ಮಾಂಸಖಂಡಗಳ ಸಂಕೋಚ ವಿಕಾಸಗಳಿಗೂ, ಮುನ್ನೂರಕ್ಕೂ ಮಿಕ್ಕ ಕಿಣ್ವಗಳ ಕಾರ್ಯಕ್ಕೂ ಬೇಕಾದುದು. ಪುರುಷನಿಗೆ ದಿನಕ್ಕೆ 400 ಮಿಲಿಗ್ರಾಂ ಆಸುಪಾಸಿನಲ್ಲಿ ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಪಟ್ಟಿಯಂತೆ, 100 ಗ್ರಾಂ ರಾಗಿಯಲ್ಲಿ ಸುಮಾರು 146 ಮಿಲಿಗ್ರಾಂ, ತೌಡು ಹೋಗದ ಅಕ್ಕಿಯಲ್ಲಿ ಸುಮಾರು 94, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕೇವಲ 19 ಇರುವುದು. ಬಿಳಿಯ ಅನ್ನವೇ ಶ್ರೇಷ್ಠವೆಂಬ ಅಭಿಮಾನಕ್ಕೆ ತೆತ್ತ ಬೆಲೆಯು ಈ ಅಂಕಿಗಳಲ್ಲಿ ಕಾಣುತ್ತದೆ. ರಾಗಿಯಲ್ಲಿರುವ ಫೈಟಿಕ್ ಆಮ್ಲವು ಲೋಹವನ್ನು ಸ್ವಲ್ಪ ಕಟ್ಟಿಹಾಕುವುದು ನಿಜ. ಮೊಳಕೆ ಬರಿಸಿದರೆ ಆ ಬಂಧವು ಸಡಿಲವಾಗುತ್ತದೆ.

ಆಹಾರದಿಂದ ಬಂದ ಅಧಿಕಾಂಶವನ್ನು ಮೂತ್ರಪಿಂಡಗಳು ಹೊರಹಾಕುವುವು. ಅವು ಕೆಟ್ಟವರಿಗೆ ಎಪ್ಸಮ್ ಉಪ್ಪಾಗಲಿ ಈ ಲೋಹದ ಗುಳಿಗೆಗಳಾಗಲಿ ಅಪಾಯಕರ. ರಕ್ತದಲ್ಲಿ ಶೇಖರವಾದ ಮೆಗ್ನೀಸಿಯಂ ಹೃದಯದ ಗತಿಯನ್ನು ಕುಗ್ಗಿಸುವುದುಂಟು. ಅಂತಹವರು ವೈದ್ಯರನ್ನು ಕೇಳದೆ ಅವನ್ನು ಸೇವಿಸಕೂಡದು.