ಕಪ್ಪು ರಂಧ್ರದ ನಾದ, ತೊಟ್ಟಿಯ ಸುಳಿ

ಭಾಲ್ಕಿಯ ಸಂತೆಯಲ್ಲಿ ಮಡಕೆ ಕೊಳ್ಳುವವರನ್ನು ಗಮನಿಸಿ. ಮಡಕೆಯನ್ನು ಎತ್ತಿ ಹಿಡಿದು ಬೆರಳಿನ ಗೆಣ್ಣಿನಿಂದ ತಟ್ಟುತ್ತಾರೆ. 'ಠಣ್' ಎಂದರೆ ಮಡಕೆ ಗಟ್ಟಿ, 'ಬದ್' ಎಂದರೆ ಎಲ್ಲೋ ಬಿರುಕು. ಕಣ್ಣಿಗೆ ಕಾಣದ ಬಿರುಕನ್ನು ಕಿವಿ ಹಿಡಿಯುತ್ತದೆ. ಮೆಲ್ಲಗೆ ತಟ್ಟಲಿ, ಜೋರಾಗಿ ತಟ್ಟಲಿ, ದನಿಯ ಗುಣ ಮಡಕೆಯದೇ ಹೊರತು ಬೆರಳಿನದಲ್ಲ.

ಬೆಳಕನ್ನೂ ಹೊರಬಿಡದ ಕಪ್ಪು ರಂಧ್ರವನ್ನೂ ಹೀಗೆಯೇ 'ತಟ್ಟಿ' ಅರಿಯಬಹುದೆಂದು ಲೆಕ್ಕ ಮಾಡಿ ತೋರಿಸಿದವರು ಒಬ್ಬ ಕನ್ನಡಿಗರು. ಅವರೇ ಸಿ.ವಿ. ವಿಶ್ವೇಶ್ವರ.

ಬಿ.ಎಸ್ಸಿ.ಯಿಂದ ಮೇರಿಲ್ಯಾಂಡಿಗೆ

ವಿಶ್ವೇಶ್ವರ 1938ರ ಮಾರ್ಚ್ 6ರಂದು ಬೆಂಗಳೂರಿನಲ್ಲಿ ಜನಿಸಿದರು. ತಂದೆ ಸಿ.ಕೆ. ವೆಂಕಟರಾಮಯ್ಯ ಕನ್ನಡದ ಹೆಸರಾಂತ ಲೇಖಕರು. ಮೈಸೂರು ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ. ಆನರ್ಸ್ ಹಾಗೂ ಎಂ.ಎಸ್ಸಿ. ಪಡೆದು ಅಮೆರಿಕಕ್ಕೆ ಹೋದ ಅವರು, ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿದರು. ಆಗ ಕಪ್ಪು ರಂಧ್ರ ಎಂಬುದು ಸಮೀಕರಣಗಳಲ್ಲಿ ಮಾತ್ರ ಇದ್ದ ವಸ್ತು. ಅಂಥ ವಸ್ತು ನಿಜವಾಗಿ ಇದೆಯೇ ಎಂಬುದರಲ್ಲೇ ಹಲವರಿಗೆ ಅನುಮಾನವಿತ್ತು.

ಕಪ್ಪು ರಂಧ್ರವನ್ನು ಸ್ವಲ್ಪ ಕದಲಿಸಿದರೆ ಅದು ಒಡೆದುಹೋಗುವುದೇ, ಉಳಿಯುವುದೇ? ಉಳಿಯುತ್ತದೆ ಎಂದು ವಿಶ್ವೇಶ್ವರ ಗಣಿತದಿಂದ ತೋರಿಸಿದರು. ಬಳಿಕ ಗಣಕಯಂತ್ರದಲ್ಲಿ ಅದರ ಮೇಲೆ ಗುರುತ್ವದ ಅಲೆಗಳನ್ನು ಹಾಯಿಸಿದರು. ಅಲೆ ಸಾಕಷ್ಟು ಕಿರಿದಾದಾಗ ಕಪ್ಪು ರಂಧ್ರ ಗಂಟೆಯಂತೆ ಮಿಡಿದು, ಕ್ಷಣದಲ್ಲೇ ಅಡಗುವ ಅಲೆಗಳನ್ನು ಹೊರಸೂಸಿತು. ಆ ಮಿಡಿತ ಬಂದ ಅಲೆಯದಲ್ಲ, ಕಪ್ಪು ರಂಧ್ರದ್ದೇ. ಅದರ ರಾಶಿ ಹೆಚ್ಚಿದಷ್ಟೂ ದನಿ ತಗ್ಗುತ್ತದೆ. 1970ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಈ ಫಲಿತಾಂಶ ಮುಂದೆ 'ಕ್ವಾಸಿನಾರ್ಮಲ್ ಮೋಡ್' ಎಂದು ಹೆಸರಾಯಿತು.

ನದಿಯಲ್ಲಿ ಸಿಕ್ಕಿದ ಮೀನು

ಭಾರೀ ವಸ್ತುಗಳ ಲೋಕಕ್ಕೆ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತ, ಪರಮಾಣುಗಳ ಲೋಕಕ್ಕೆ ಕ್ವಾಂಟಂ ಸಿದ್ಧಾಂತ. ಎರಡೂ ಎದುರಾಗುವ ತಾಣ ಕಪ್ಪು ರಂಧ್ರ. ಎರಡನ್ನೂ ಒಗ್ಗೂಡಿಸುವ 'ಕ್ವಾಂಟಂ ಗುರುತ್ವ' ಇಂದಿಗೂ ಬಿಡಿಸಲಾಗದ ಒಗಟು. 1974ರಲ್ಲಿ ಸ್ಟೀಫನ್ ಹಾಕಿಂಗ್, ಕಪ್ಪು ರಂಧ್ರ ಪೂರ್ತಿ ಕಪ್ಪಲ್ಲ, ಅದು ತುಸು ಶಾಖ ಸೂಸುತ್ತದೆ ಎಂದರು. ಆದರೆ ಸೂರ್ಯನಷ್ಟು ರಾಶಿಯ ಕಪ್ಪು ರಂಧ್ರದ ಉಷ್ಣತೆ ನಿರಪೇಕ್ಷ ಶೂನ್ಯಕ್ಕಿಂತ ಒಂದು ಡಿಗ್ರಿಯ ಕೋಟಿಯಲ್ಲೊಂದು ಭಾಗದಷ್ಟೂ ಹೆಚ್ಚಿರದು. ಸುತ್ತಲ ಆಕಾಶವೇ 2.7 ಡಿಗ್ರಿ ಇರುವಾಗ ಅದನ್ನು ಅಳೆಯುವುದು ಹೇಗೆ?

1981ರಲ್ಲಿ ಕೆನಡಾದ ವಿಲಿಯಂ ಅನ್ರೂ ಒಂದು ಉಪಾಯ ಹೇಳಿದರು. ಮಳೆಗಾಲದಲ್ಲಿ ಔರಾದ್ ಸೀಮೆಯ ಮಾಂಜ್ರಾ ನದಿಯನ್ನು ನೆನೆಯಿರಿ. ಆ ಹರಿವು ಒಂದೆಡೆ ನೀರಿನೊಳಗಿನ ಶಬ್ದಕ್ಕಿಂತಲೂ ವೇಗವಾಯಿತೆಂದು ಊಹಿಸಿ. ಆ ಗಡಿ ದಾಟಿದ ಮೀನು ಎಷ್ಟು ಕೂಗಿದರೂ ದನಿ ಹಿಂದಕ್ಕೆ ಬಾರದು, ಪ್ರವಾಹವೇ ಅದನ್ನು ಸೆಳೆದೊಯ್ಯುತ್ತದೆ. ಬೆಳಕಿಗೆ ಕಪ್ಪು ರಂಧ್ರ ಹೇಗೋ, ಶಬ್ದಕ್ಕೆ ಈ ಹರಿವು ಹಾಗೆ. ಎರಡರ ಸಮೀಕರಣಗಳೂ ಒಂದೇ ಬಗೆಯವು. ಆದ್ದರಿಂದ ಆಕಾಶದಲ್ಲಿ ಅಳೆಯಲಾಗದ್ದನ್ನು ಪ್ರಯೋಗಶಾಲೆಯಲ್ಲಿ ಅಣಕಿಸಿ ನೋಡಬಹುದು.

ಈ ದಾರಿಯನ್ನೇ ತಮ್ಮ ವೃತ್ತಿಯಾಗಿಸಿಕೊಂಡವರು ಸಿಲ್ಕೆ ವೈನ್‌ಫರ್ಟ್ನರ್. 2011ರಲ್ಲಿ ಅನ್ರೂ ಅವರೊಂದಿಗೆ ನೀರಿನ ಕಾಲುವೆಯಲ್ಲಿ, ಮುಂದೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ದೊಡ್ಡ ತೊಟ್ಟಿಯ ಸುಳಿಯಲ್ಲಿ ಅವರು ಪ್ರಯೋಗ ನಡೆಸಿದರು. ತಿರುಗುವ ಸುಳಿಯಿಂದ ಅಲೆಗಳು ಬಲ ಪಡೆದು ಮರಳುವುದನ್ನು ಅವರ ತಂಡ 2017ರಲ್ಲಿ ವರದಿ ಮಾಡಿತು. 2020ರಲ್ಲಿ ಅದೇ ಬಗೆಯ ಸುಳಿಯಲ್ಲಿ, ವಿಶ್ವೇಶ್ವರರು ಲೆಕ್ಕ ಹಾಕಿದ್ದ ಮಿಡಿತವನ್ನು ಹೋಲುವ ಅಲೆಗಳನ್ನು ಗುರುತಿಸಿತು. ಇಸ್ರೇಲಿನ ಜೆಫ್ ಸ್ಟೈನ್‌ಹೌವರ್ ಅತಿ ತಣ್ಣನೆಯ ಪರಮಾಣುಗಳಲ್ಲಿ ಹಾಕಿಂಗ್ ವಿಕಿರಣವನ್ನು ಹೋಲುವ ಶಬ್ದದ ಕಣಗಳನ್ನು ಕಂಡುದಾಗಿ 2016ರಲ್ಲಿ ಪ್ರಕಟಿಸಿದರು.

ಒಂದು ಎಚ್ಚರಿಕೆ ಬೇಕು. ತೊಟ್ಟಿಯ ಸುಳಿ ಕಪ್ಪು ರಂಧ್ರವಲ್ಲ. ಗೊಂಬೆ ಮಗುವನ್ನು ಹೋಲಬಹುದು, ಮಗುವಾಗದು. ಸಮೀಕರಣದ ಒಂದು ಭಾಗ ಸರಿಯೇ ಎಂದು ಇದು ಪರೀಕ್ಷಿಸುತ್ತದೆ. ಕ್ವಾಂಟಂ ಗುರುತ್ವದ ಒಗಟು ಬಿಡಿಸಿತೆಂದು ಹೇಳುವಂತಿಲ್ಲ.

ನಲವತ್ತೈದು ವರ್ಷದ ಕಾಯುವಿಕೆ

ಅಮೆರಿಕದಿಂದ ಮರಳಿದ ವಿಶ್ವೇಶ್ವರ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೂ ಮುಂದೆ ಭಾರತೀಯ ಖಭೌತ ಸಂಸ್ಥೆಯಲ್ಲೂ ದುಡಿದರು. ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾಗಿ ಮಕ್ಕಳಿಗೆ ಆಕಾಶ ತೋರಿಸಿದರು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಯಂತ್ರಗಳು ಗುರುತ್ವದ ಅಲೆಯನ್ನು ಮೊದಲ ಬಾರಿ ಹಿಡಿದವು. ಎರಡು ಕಪ್ಪು ರಂಧ್ರಗಳು ಕೂಡಿದ ಆ ಸಂಕೇತದ ಕೊನೆಯಲ್ಲಿತ್ತು, ಅಡಗುತ್ತಾ ಹೋಗುವ ಮಿಡಿತ. 1970ರ ಲೆಕ್ಕಕ್ಕೆ ಆಕಾಶ ಉತ್ತರ ಕೊಡಲು ನಲವತ್ತೈದು ವರ್ಷ ಹಿಡಿಯಿತು. ಅದನ್ನು ನೋಡಿ ಸಂತೋಷಪಟ್ಟ ಅವರು 2017ರ ಜನವರಿ 16ರಂದು ನಿಧನರಾದರು. ತೊಟ್ಟಿಯ ಸುಳಿಯ ಮಿಡಿತವನ್ನು ಮಾತ್ರ ಅವರು ನೋಡಲಿಲ್ಲ.

ಹಿಂಗೋಲಿ ದೂರವೇನಲ್ಲ

ಬೀದರಿನ ಮನೆಗಳಲ್ಲಿ ಪಿಯುಸಿ ಮುಗಿದೊಡನೆ ಕೇಳುವ ಪ್ರಶ್ನೆ ಒಂದೇ: ಡಾಕ್ಟರೋ, ಎಂಜಿನಿಯರೋ? 'ಬಿ.ಎಸ್ಸಿ. ಓದುತ್ತೇನೆ' ಎಂದ ಮಗಳಿಗೆ 'ಅದರಿಂದ ಹೊಟ್ಟೆ ತುಂಬುತ್ತದೆಯೇ?' ಎಂಬ ಮಾತು ಬರುತ್ತದೆ. ತಂದೆ-ತಾಯಿಯ ಆತಂಕ ಸುಳ್ಳಲ್ಲ. ಮೂಲವಿಜ್ಞಾನದ ದಾರಿ ಉದ್ದ, ಸಂಬಳ ತಡ, ಫಲ ಇನ್ನೂ ತಡ. ಆದರೆ ದಾರಿ ಇಲ್ಲವೆನ್ನುವುದು ತಪ್ಪು. ಪುಣೆ, ತಿರುಪತಿಗಳಲ್ಲಿರುವ ಐಸರ್ ಸಂಸ್ಥೆಗಳಲ್ಲಿ ಪಿಯುಸಿ ನಂತರವೇ ಬಿ.ಎಸ್.-ಎಂ.ಎಸ್. ಓದಬಹುದು.

ಔರಾದಿನ ಗಡಿ ದಾಟಿದರೆ ನಾಂದೇಡ್, ಅದರಾಚೆ ಹಿಂಗೋಲಿ. ಅಲ್ಲಿ, ನಮ್ಮವರು ಯಾತ್ರೆಗೆ ಹೋಗುವ ಔಂಢಾ ನಾಗನಾಥದ ಸೀಮೆಯಲ್ಲೇ, ನಾಲ್ಕು ನಾಲ್ಕು ಕಿಲೋಮೀಟರ್ ಉದ್ದದ ಎರಡು ತೋಳುಗಳ ಲೈಗೋ-ಇಂಡಿಯಾಕ್ಕೆ ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ನೀಡಿದೆ. ಅಂದಾಜು ವೆಚ್ಚ 2,600 ಕೋಟಿ ರೂಪಾಯಿ. ಅದಕ್ಕೆ ಭೌತವಿಜ್ಞಾನಿಗಳು ಬೇಕು. ಲೇಸರ್, ನಿರ್ವಾತ ಕೊಳವೆ, ಗಣಕಯಂತ್ರ ಬಲ್ಲವರೂ ಬೇಕು.

ಮುಂದಿನ ಬಾರಿ ಬಚ್ಚಲಿನ ನೀರು ಸುಳಿಯಾಗಿ ಇಳಿಯುವಾಗ ಮಗು ಬಗ್ಗಿ ನೋಡುತ್ತಾ ನಿಂತರೆ, 'ಹೊತ್ತಾಯಿತು, ಏಳು' ಎಂದು ಗದರಬೇಡಿ. ಒಂದು ನಿಮಿಷ ನೀವೂ ಜೊತೆಗೆ ನಿಂತು ನೋಡಿ.